ಕಂಚುಗಾರನ ಮನೆಯಲ್ಲಿ ಕಾಣೆಯಾದ ಕಾಡಿಗೆ ಕುಡಿಕೆ

ಆ ಚಳಿಗಾಲದಲ್ಲಿ ನನ್ನ ಓರಗಿತ್ತಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ, ವಿಸಿಟ್ ವೀಸಾದಲ್ಲಿ ಗಲ್ಫಿಗೆ ಬಂದು ಬನಿಯಾಸಿನ ನಮ್ಮ ಮನೆಯಲ್ಲಿ ಉಳಿದಿದ್ದರು. ಊರಿನಲ್ಲಿ ಇಂಗ್ಲಿಷ್ ಮೀಡಿಯಂ ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದವರು ಇಲ್ಲಿ ಟೀಚರ್ ಕೆಲಸ ಹುಡುಕಲು ಬಂದಿದ್ದರು. ನಾನು ಅವರನ್ನು ಅಕ್ಕ ಎನ್ನುತ್ತೇನೆ. ಮದುವೆಯಾದ ಮೇಲೆ ನಾವಿಬ್ಬರೂ ಒಂದೇ ಸೂರಿನಡಿ ಒಂದು ವಾರಕ್ಕಿಂತ ಹೆಚ್ಚು ಇದ್ದದ್ದೇ ಇಲ್ಲ. ಒಬ್ಬರಿಗೊಬ್ಬರು ಗೊತ್ತು ಎಂದುಕೊಂಡಿದ್ದೆವು, ಅಷ್ಟೇ.

ಅವರು ಬಂದ ಕೆಲವೇ ದಿನಗಳಲ್ಲಿ ನನ್ನ ತಲೆಯೊಳಗೆ ಒಂದು ಹುಳ ಹೊಕ್ಕಿತು. ಊರಿನಿಂದ ಫೋನ್ ಮಾಡಿದ ಅತ್ತೆ, ನಿನ್ನೆ ಹೊರಗಿನಿಂದ ಊಟ ತರಿಸಿದಿರಂತಲ್ಲ ಎಂದರು. ಇನ್ನೊಮ್ಮೆ, ನೀನು ಡ್ಯೂಟಿಯಿಂದ ಬಂದು ಸೀದಾ ಮಲಗುತ್ತೀಯಂತೆ, ಆರೋಗ್ಯ ಸರಿ ಉಂಟಲ್ಲ ಎಂದು ವಿಚಾರಿಸಿದರು. ಕೇಳಿದ್ದು ಕಾಳಜಿಯಿಂದಲೇ ಇರಬಹುದು. ಆದರೆ ಸಮುದ್ರದಾಚೆ ಕುಳಿತವರಿಗೆ ನಮ್ಮ ಅಡುಗೆಮನೆಯ ಸುದ್ದಿ ಮುಟ್ಟಿಸುವವರು ಯಾರು? ನಾನು ಕ್ಲಿನಿಕ್ಕಿನ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಗಂಡನ ಆಫೀಸು ಎಲೆಕ್ಟ್ರಾ ಸ್ಟ್ರೀಟಿನಲ್ಲಿ. ಇಬ್ಬರೂ ಬೆಳಿಗ್ಗೆ ಹೋದರೆ ಸಂಜೆಯವರೆಗೆ ಮನೆಯಲ್ಲಿ ಅಕ್ಕ ಒಬ್ಬರೇ. ಸಂಜೆ ಬಂದಾಗ ಕಪಾಟಿನ ಸೀರೆಗಳ ಮಡಿಕೆ ಬೇರೆಯಾಗಿದೆಯೇ, ಫ್ರಿಜ್ಜಿನ ಡಬ್ಬಿ ಸರಿದಿದೆಯೇ ಎಂದು ನೋಡುವುದು ನನಗೆ ಅಭ್ಯಾಸವಾಯಿತು. ಸರಿದದ್ದು ಕಂಡರೆ ಸಂಶಯ. ಕಾಣದಿದ್ದರೆ, ಎಷ್ಟು ಜಾಗ್ರತೆಯಿಂದ ಮೊದಲಿನಂತೆಯೇ ಇಟ್ಟಿದ್ದಾರೆ ಎಂಬ ಸಂಶಯ.

ಒಂದು ಶನಿವಾರ ನನ್ನ ಗಂಡನಿಗೆ ಅಲ್ ಐನಿನಲ್ಲಿ ಗೆಳೆಯನ ಗ್ಯಾರೇಜಿಗೆ ಕಾರು ಒಯ್ಯಬೇಕಿತ್ತು. ಬ್ರೇಕು ಕಿರುಗುಟ್ಟುತ್ತಿತ್ತು. ನೀವಿಬ್ಬರೂ ಬನ್ನಿ, ಅತ್ತಿಗೆಗೂ ಊರು ನೋಡಿದಂತಾಗುತ್ತದೆ ಎಂದರು. ಖರ್ಜೂರದ ತೋಟಗಳ ನಡುವೆ ಹೊಸದಾಗಿ ದುರಸ್ತಿ ಮಾಡಿದ ಹಳೆಯ ಮನೆಯೊಂದಿದೆ, ನೋಡುತ್ತಾ ಇರಿ, ಕೆಲಸ ಮುಗಿಸಿ ಬರುತ್ತೇನೆ ಎಂದು ನಮ್ಮನ್ನು ಗೇಟಿನ ಎದುರು ಇಳಿಸಿ ಹೋದರು.

ಮಣ್ಣಿನ ಎತ್ತರದ ಗೋಡೆಗಳ ನಡುವೆ ಸಣ್ಣ ಓಣಿ. ಪಕ್ಕದಲ್ಲಿ ತೋಟಕ್ಕೆ ನೀರು ಹರಿಯುವ ಕಿರಿದಾದ ಕಾಲುವೆ. ಓಣಿಯ ಕೊನೆಯಲ್ಲಿ ಆ ಮನೆ. ಮಧ್ಯಯುಗದ ಕಂಚುಗಾರನೊಬ್ಬನ ಮನೆ, ಮೂಲ ರೂಪದಲ್ಲಿಯೇ ಕಾಪಾಡಲಾಗಿದೆ ಎಂದು ಅರಬಿ ಮತ್ತು ಇಂಗ್ಲಿಷಿನಲ್ಲಿ ಬೋರ್ಡು ಇತ್ತು. ಕಾಫಿ ಹೂಜಿ, ತಟ್ಟೆ, ಕುಟ್ಟಾಣಿಗಳನ್ನು ಮಾಡುತ್ತಿದ್ದ ಮನೆತನವಂತೆ.

ನನಗೆ ಬಾಗಿಲಲ್ಲೇ ನಂಬಿಕೆ ಬರಲಿಲ್ಲ. ಇಷ್ಟು ಹಳೆಯ ಮಣ್ಣಿನ ಗೋಡೆ ಇಷ್ಟು ನಯವಾಗಿ ಇರುತ್ತದೆಯೇ? ಮೂಲೆಗಳೆಲ್ಲ ಚಾಕುವಿನಿಂದ ಕತ್ತರಿಸಿದಂತೆ ನೇರವಾಗಿದ್ದವು. ಮಾಡಿನ ಖರ್ಜೂರದ ಗರಿಗಳಿಗೆ ಇನ್ನೂ ಹಸಿರು ಛಾಯೆ ಪೂರ್ತಿ ಹೋಗಿರಲಿಲ್ಲ. ಒಂದು ತೊಲೆಯ ಹಿಂದಿನಿಂದ ಮಣ್ಣಿನ ಬಣ್ಣ ಬಳಿದ ಕರೆಂಟಿನ ಪೈಪು ಇಣುಕುತ್ತಿತ್ತು. ಕುಲುಮೆಯ ಬಾಯಿಯಲ್ಲಿ ಮಸಿ ಇತ್ತು ನಿಜ, ಆದರೆ ಅದೂ ಯಾರೋ ಕೈಯಾರೆ ಹಚ್ಚಿದ ಹಾಗೆ ಒಂದೇ ಸಮನಾಗಿತ್ತು. ಅಂಗಳದ ಚಾಪೆಯ ಮೇಲೆ ಬಿಳಿ ನಿಲುವಂಗಿ ತೊಟ್ಟ ಮುದುಕರೊಬ್ಬರು ಕಾಫಿ ಹೂಜಿ ಎದುರಿಗಿಟ್ಟುಕೊಂಡು ಕುಳಿತಿದ್ದರು. ಮಾಲ್‌ಗಳಲ್ಲಿ ಹಬ್ಬದ ದಿನ ಹೀಗೆ ಹಳೆಯ ಕಾಲದವರಂತೆ ವೇಷ ಹಾಕಿ ಕೂರಿಸುತ್ತಾರಲ್ಲ, ಇವರನ್ನೂ ಹಾಗೆಯೇ ತಂದು ಕೂರಿಸಿರಬೇಕು ಎಂದುಕೊಂಡೆ. ಅವರು ನಮ್ಮನ್ನು ನೋಡಿ ತಲೆಯಾಡಿಸಿದರು. ನಾನು ಕಾಣದವಳಂತೆ ಮುಂದೆ ಹೋದೆ. ಅಕ್ಕ ನಿಂತು ಕೈಮುಗಿದರು.

ಮನೆ ತೋರಿಸಲು ಅಬಾಯಾ ಎಂಬ ಕಪ್ಪು ನಿಲುವಂಗಿ ತೊಟ್ಟ ಯುವತಿಯೊಬ್ಬಳಿದ್ದಳು. ಕೆಲಸಕ್ಕೆ ಹೊಸಬಳು ಎಂದು ಅವಳ ಮಾತಿನಿಂದಲೇ ತಿಳಿಯುತ್ತಿತ್ತು. ಬಾಯಿಪಾಠ ಮಾಡಿದ ಇಂಗ್ಲಿಷಿನಲ್ಲಿ ಒಂದೊಂದನ್ನೇ ವಿವರಿಸುತ್ತಿದ್ದಳು. ಮುಂದಿನ ಕೋಣೆಯೇ ಕಂಚುಗಾರನ ಕೆಲಸದ ಜಾಗ. ಗೋಡೆಯುದ್ದಕ್ಕೂ ಮರದ ಹಲಗೆ, ಹಲಗೆಯ ಮೇಲೆ ಸುತ್ತಿಗೆಗಳು, ಇಕ್ಕಳ, ಅರ್ಧ ಬಡಿದ ತಾಮ್ರದ ತಟ್ಟೆ. ಕೊನೆಯಲ್ಲಿ ಹಿತ್ತಾಳೆಯ ಒಂದು ಪುಟ್ಟ ಕಾಡಿಗೆ ಕುಡಿಕೆ, ಮುಚ್ಚಳಕ್ಕೇ ಅಂಟಿಕೊಂಡ ಕಡ್ಡಿ. ಅಕ್ಕ ಅದನ್ನು ಎತ್ತಿಯೇಬಿಟ್ಟರು. ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರು.

"ಇಂಥದ್ದೇ ಒಂದು ನಮ್ಮ ಅಜ್ಜಿಯ ಹತ್ರ ಇತ್ತು ಮಾರಾಯ್ತಿ. ಎಲ್ಲಿ ಹೋಯ್ತೋ ಯಾರಿಗೂ ಗೊತ್ತಿಲ್ಲ," ಎಂದರು.

ಯುವತಿ ನಯವಾಗಿಯೇ ಮುಟ್ಟಬಾರದು ಎಂದಳು. ಅಕ್ಕ ನಾಚಿ ಅದನ್ನು ಹಲಗೆಯ ಮೇಲಿಟ್ಟರು. ಇಟ್ಟದ್ದನ್ನು ನಾನು ಕಣ್ಣಾರೆ ಕಂಡೆ. ಆಮೇಲೆ ನಾವು ಒಳಗಿನ ಹೆಂಗಸರ ಕೋಣೆ ನೋಡಿ, ಹಿಂದಿನ ಬಾವಿಯ ಹತ್ತಿರ ಹೋದೆವು. ಚಪ್ಪಲಿಯೊಳಗೆ ಮರಳು ಹೋಗಿದೆ ಎಂದು ಅಕ್ಕ ಹಿಂದೆ ಉಳಿದರು. ಬಾವಿಕಟ್ಟೆಗೆ ಬರಲು ಅವರಿಗೆ ಸ್ವಲ್ಪ ಹೊತ್ತೇ ಹಿಡಿಯಿತು.

ಹೊರಡುವಾಗ ಯುವತಿ ಓಡುತ್ತಾ ಬಂದಳು. ಕಾಡಿಗೆ ಕುಡಿಕೆ ಹಲಗೆಯ ಮೇಲಿಲ್ಲ. ಆ ಬೆಳಿಗ್ಗೆ ನಮ್ಮನ್ನು ಬಿಟ್ಟು ಬೇರೆ ಯಾರೂ ಬಂದಿರಲಿಲ್ಲ. ಅವಳ ಮುಖ ಬಿಳಚಿಕೊಂಡಿತ್ತು. ತಪ್ಪಿ ನಿಮ್ಮ ಜೊತೆ ಬಂದಿರಬಹುದೇ, ದಯವಿಟ್ಟು ಒಮ್ಮೆ ನೋಡುತ್ತೀರಾ ಎಂದು ಕೇಳಿದಳು.

ಅಕ್ಕ ತೆಗೆದಿದ್ದಾರೆ ಎಂದು ನನಗೆ ಆ ಕ್ಷಣವೇ ಅನ್ನಿಸಿತು. ಅನ್ನಿಸಿತು ಎಂದರೆ ಸಾಲದು, ಖಾತ್ರಿಯಾಗಿಬಿಟ್ಟಿತು. ಹಿಂದೆ ಉಳಿದದ್ದು, ಅಜ್ಜಿಯ ಕುಡಿಕೆಯ ಮಾತು, ಬಾವಿಯ ಹತ್ತಿರ ಬ್ಯಾಗನ್ನು ಎದೆಗವಚಿಕೊಂಡು ನಿಂತದ್ದು, ಎಲ್ಲವೂ ಒಂದಕ್ಕೊಂದು ಕೂಡಿಕೊಂಡವು. ಪೊಲೀಸರನ್ನು ಕರೆದರೆ ಗತಿಯೇನು, ವಿಸಿಟ್ ವೀಸಾದಲ್ಲಿರುವವರು, ನನ್ನ ಗಂಡನ ಹೆಸರಿನಲ್ಲಿ ತೆಗೆದ ವೀಸಾ ಎಂದು ಹೆದರಿದೆ. ಯುವತಿಗೆ ಅರ್ಥವಾಗದಿರಲಿ ಎಂದು ಕನ್ನಡದಲ್ಲಿ ಹೇಳಿದೆ.

"ಅಕ್ಕ, ತೆಗೊಂಡಿದ್ರೆ ಈಗಲೇ ಕೊಟ್ಟುಬಿಡಿ. ಮತ್ತೆ ಕಷ್ಟ ಆಗ್ತದೆ."

ಅಕ್ಕ ನನ್ನನ್ನು ನೋಡಿದರು. ಸಿಟ್ಟಾದರೆಂದು ಹೇಳಲಾರೆ. ಯಾರದೋ ಮನೆಯ ಬಾಗಿಲು ತಟ್ಟಿ, ತೆರೆದವರ ಮುಖ ಗುರುತು ಸಿಗದೆ ನಿಂತವರ ಹಾಗೆ ನೋಡಿದರು. ಅಂಗಳದ ಚಾಪೆಯ ಅಂಚಿನಲ್ಲಿ ಕುಳಿತು ಬ್ಯಾಗಿನ ಜಿಪ್ ಎಳೆದು ಒಂದೊಂದನ್ನೇ ಹೊರಗಿಟ್ಟರು. ಮಾತ್ರೆಯ ಸ್ಟ್ರಿಪ್ಪು, ಬಾಚಣಿಗೆ, ನೀರಿನ ಬಾಟಲಿ, ತೋಟದಲ್ಲಿ ಹೆಕ್ಕಿ ಟಿಶ್ಯೂ ಕಾಗದದಲ್ಲಿ ಸುತ್ತಿದ ಖರ್ಜೂರದ ಬೀಜಗಳು. ಕೊನೆಗೆ ಕರವಸ್ತ್ರದ ಒಂದು ಗಂಟು. ಅದೇ ಇರಬೇಕು ಎಂದು ನಾನು ಬಗ್ಗಿ ನೋಡಿದೆ. ಬಿಚ್ಚಿದಾಗ ಒಳಗಿದ್ದದ್ದು ಅವರ ಪಾಸ್‌ಪೋರ್ಟು.

ಬಂದ ವಾರವೇ ನನ್ನ ಗಂಡ, ಪಾಸ್‌ಪೋರ್ಟು ಕೊಡಿ ಅತ್ತಿಗೆ, ಆಫೀಸಿನ ಲಾಕರಿನಲ್ಲಿ ಭದ್ರವಾಗಿ ಇಡುತ್ತೇನೆ ಎಂದಿದ್ದರು. ಸೂಟ್‌ಕೇಸಿನ ತಳದಲ್ಲಿದೆ, ಆಮೇಲೆ ಕೊಡುತ್ತೇನೆ ಎಂದು ಅಕ್ಕ ದಿನ ತಳ್ಳುತ್ತಲೇ ಬಂದಿದ್ದರು. ಗಲ್ಫಿನಲ್ಲಿ ಯಾರ ಕೈಗೂ ಪಾಸ್‌ಪೋರ್ಟು ಕೊಡಬೇಡ, ಸ್ವಂತದವರಾದರೂ ಸರಿ ಎಂದು ಊರಿನಲ್ಲಿ ಯಾರೋ ಕಿವಿಯಲ್ಲಿ ಊದಿರಬೇಕು. ಅದನ್ನು ತರಕಾರಿ ತರಲು ಹೋದಲ್ಲಿಗೂ ಹೊತ್ತು ತಿರುಗುತ್ತಿದ್ದರೆಂದು ಅಂದು ತಿಳಿಯಿತು. ಇವರು ನಮ್ಮನ್ನು ನಂಬಿಲ್ಲ ಎಂದು ನನಗೆ ಉರಿಯಿತು. ಒಂದು ಗಳಿಗೆ ಕುಡಿಕೆಯೇ ಮರೆತುಹೋಯಿತು.

ಅಕ್ಕ ಯುವತಿಯ ಕಡೆ ತಿರುಗಿ, ತಮ್ಮ ಟೀಚರ್ ಇಂಗ್ಲಿಷಿನಲ್ಲಿ, ಈಗ ಇವಳ ಬ್ಯಾಗನ್ನೂ ನೋಡಿ ಎಂದರು.

ಅದು ನ್ಯಾಯವೇ. ನಾನು ಇಲ್ಲ ಎನ್ನುವ ಹಾಗಿರಲಿಲ್ಲ. ಪರ್ಸು, ಕಾರ್ಡು, ಸ್ಯಾನಿಟೈಸರು ತೆಗೆದಿಟ್ಟೆ. ಒಳಜೇಬಿನ ಕೆಂಪು ಸಂಚಿಯನ್ನು ಅಲ್ಲಿಯೇ ಬಿಟ್ಟು ಬ್ಯಾಗನ್ನು ಬಾಗಿಸಿ ತೋರಿಸಿದೆ. ಬಾಗಿಸಿದ್ದು ಹೆಚ್ಚಾಯಿತು. ಸಂಚಿ ಜಾರಿ ಚಾಪೆಯ ಮೇಲೆ ಬಿತ್ತು. ದಾರ ಸಡಿಲಿ ಬಳೆಗಳು ಹೊರಗೆ ಉರುಳಿದವು. ನನ್ನ ಮದುವೆಯ ಬಳೆಗಳು. ನಮ್ಮ ಬಾಡಿಗೆ ಮನೆಯ ಕಪಾಟಿಗೆ ಬೀಗವಿಲ್ಲ. ಅಕ್ಕ ಬಂದ ಮರುದಿನದಿಂದ ನಾನು ಅವನ್ನು ಬ್ಯಾಗಿನಲ್ಲಿಯೇ ಇಟ್ಟುಕೊಂಡು ಲ್ಯಾಬಿಗೆ ಹೋಗಿ ಬರುತ್ತಿದ್ದೆ. ಗಂಡನಿಗೂ ಹೇಳಿರಲಿಲ್ಲ.

ಅಕ್ಕನಿಗೆ ಬಿಡಿಸಿ ಹೇಳಬೇಕಾದ ಅಗತ್ಯ ಇರಲಿಲ್ಲ. ಆ ಬಳೆಗಳ ಜೋಡಿಯನ್ನು ಮದುವೆಯ ದಿನ ನನ್ನ ಕೈಗೆ ಸಾಬೂನು ಹಚ್ಚಿ ತೊಡಿಸಿದವರೇ ಅವರು. ಉರುಳಿದ ಒಂದನ್ನು ಹೆಕ್ಕಿ, ಧೂಳು ಒರೆಸಿ, ಸಂಚಿಗೆ ಹಾಕಿ ನನ್ನ ಕೈಗೆ ಕೊಟ್ಟರು. ನನಗೆ ಅವರ ಮುಖ ನೋಡಲಾಗಲಿಲ್ಲ.

ಅಷ್ಟರಲ್ಲಿ ಆ ಮುದುಕರು ಎದ್ದು ಬಂದರು. ಅರಬಿಯಲ್ಲಿ ಏನೋ ಕೇಳಿದರು. ಯುವತಿ ಅಳುವ ದನಿಯಲ್ಲಿ ವಿವರಿಸಿದಳು. ಮುದುಕರು ಹಣೆ ಚಚ್ಚಿಕೊಂಡು, ಬನ್ನಿ ಎಂದು ನಮಗೆ ಸನ್ನೆ ಮಾಡಿ ಒಳಗಿನ ಹೆಂಗಸರ ಕೋಣೆಗೆ ನಡೆದರು. ಕಿಟಕಿಯ ಮೇಲೆ ತಲೆಯೆತ್ತರದಲ್ಲಿ ಒಂದು ಗೂಡು. ಅದರೊಳಗೆ ಹಿತ್ತಾಳೆಯ ಕುಡಿಕೆ.

ಹಳೆಯ ತಲೆಮಾರಿನ ಇಲ್ಲಿಯ ಜನರಿಗೆ ಬರುವಂಥ ಹಿಂದಿಯಲ್ಲಿ ಅವರು ಹೇಳಿದರು. ಈ ಮನೆ ತಮ್ಮ ಮನೆತನದ್ದು, ಇದು ತಮ್ಮ ಅಜ್ಜಿಯ ಕಾಡಿಗೆ. ಅಜ್ಜಿ ಅದನ್ನು ಇಡುತ್ತಿದ್ದದ್ದು ಈ ಗೂಡಿನಲ್ಲಿ. ಅಂಗಡಿಯ ಸಾಮಾನಿನ ಜೊತೆ ಹಲಗೆಯ ಮೇಲೆ ಇಡಬೇಡಿ ಎಂದು ಎಷ್ಟು ಸಲ ಹೇಳಿದರೂ ಇಲ್ಲಿ ಕೆಲಸ ಮಾಡುವವರು ಕೇಳುವುದಿಲ್ಲ. ಹಾಗಾಗಿ ಬಂದಾಗಲೆಲ್ಲ ತಾವೇ ತಂದು ಇಲ್ಲಿಡುತ್ತಾರೆ, ಹೋದ ಮೇಲೆ ಅದು ಮತ್ತೆ ಹಲಗೆಗೆ ಹೋಗುತ್ತದೆ. ಇವತ್ತು ನಾವು ಬಾವಿಯ ಹತ್ತಿರ ಇದ್ದಾಗ ಎತ್ತಿಟ್ಟರಂತೆ. ಯುವತಿಗೆ ಇದು ಗೊತ್ತಿರಲಿಲ್ಲ. ಅವಳು ಅಕ್ಕನ ಎರಡೂ ಕೈ ಹಿಡಿದು ಕ್ಷಮೆ ಕೇಳಿದಳು.

ಆಗಲೂ ನನ್ನ ಹುಳ ಸುಮ್ಮನಿರಲಿಲ್ಲ. ಮಧ್ಯಯುಗದ ಮನೆಯಲ್ಲಿ ಇವರ ಅಜ್ಜಿ ಹೇಗೆ ಇದ್ದಾರು? ಕೇಳಿಯೇಬಿಟ್ಟೆ. ಮುದುಕರು ಬೇಸರಿಸಲಿಲ್ಲ. ಬಾವಿಯೂ ಅಡಿಪಾಯದ ಕಲ್ಲೂ ಬಹಳ ಹಳೆಯವು, ಯಾವ ಕಾಲದ್ದೆಂದು ತಮ್ಮ ತಾತನಿಗೂ ಗೊತ್ತಿರಲಿಲ್ಲ ಎಂದರು. ಗೋಡೆಗಳು ಹೊಸವೇ. ಸರಕಾರ ಕೊಟ್ಟ ಮನೆಗೆ ಇವರ ಮನೆಯವರು ಹೋದ ಮೇಲೆ ಇದು ಮಳೆಗೆ ಕುಸಿದು ದಿಬ್ಬವಾಗಿತ್ತು. ದುರಸ್ತಿ ಮಾಡುವವರು ಬಂದಾಗ ಇವರ ದೊಡ್ಡಕ್ಕ ಮರಳಿನ ಮೇಲೆ ನಡೆದಾಡಿ, ಇಲ್ಲಿ ಬಾಗಿಲು, ಇಲ್ಲಿ ಕುಲುಮೆ ಎಂದು ತೋರಿಸಿಕೊಟ್ಟರಂತೆ.

"ಬೋರ್ಡ್ ಲಿಖನೇವಾಲಾ ಜ್ಯಾದಾ ಲಿಖಾ," ಬೋರ್ಡು ಬರೆದವನು ತುಸು ಹೆಚ್ಚೇ ಬರೆದುಬಿಟ್ಟ ಎಂದು ನಕ್ಕು, "ಖಲಾಸ್, ಕಾಫಿ ಪೀಯೋ," ಎಂದರು.

ಗೋಡೆಯ ವಿಷಯದಲ್ಲಿ ನನ್ನ ಊಹೆ ನಿಜವಾಯಿತು. ಅದರಿಂದ ಒಂದಿಷ್ಟೂ ಖುಷಿಯಾಗಲಿಲ್ಲ. ಚಾಪೆಯ ಮೇಲೆ ಕುಳಿತು ಏಲಕ್ಕಿ ಹಾಕಿದ ಕಹಿ ಕಾಫಿ ಕುಡಿದೆವು. ಅಕ್ಕ ಅವರೊಡನೆ ಅಜ್ಜಿಯಂದಿರ ಕಾಡಿಗೆಯ ಬಗ್ಗೆ ಮಾತಾಡಿದರು. ನಮ್ಮೂರಲ್ಲಿ ದೀಪದ ಮಸಿಗೆ ಹರಳೆಣ್ಣೆ ಕಲಸುತ್ತಿದ್ದರು, ಇಲ್ಲಿ ಒಂದು ಬಗೆಯ ಕಪ್ಪು ಕಲ್ಲು ಅರೆಯುತ್ತಿದ್ದರು. ನನ್ನ ಜೊತೆ ಒಂದು ಮಾತೂ ಇಲ್ಲ.

ಗಂಡ ಬಂದು, ಮನೆ ಹೇಗಿತ್ತು ಎಂದು ಕೇಳಿದರು. ಚೆನ್ನಾಗಿತ್ತು ಎಂದು ಇಬ್ಬರೂ ಒಟ್ಟಿಗೇ ಹೇಳಿದೆವು. ಮರಳುಗುಡ್ಡಗಳ ನಡುವಿನ ಹೆದ್ದಾರಿಯಲ್ಲಿ ಅಕ್ಕ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರು. ದಾರಿಯಲ್ಲಿ ಕಾರಿನ ಸ್ಪೀಕರಿನಲ್ಲಿ ಅತ್ತೆಯ ಫೋನು ಬಂತು. ಗಂಡ ಎಂದಿನಂತೆ ಉತ್ಸಾಹದಿಂದ ಶುರುಮಾಡಿದರು. ಇಬ್ಬರನ್ನೂ ಅಲ್ ಐನಿಗೆ ಕರೆತಂದದ್ದು, ಬೆಳಿಗ್ಗೆ ನಾನು ದೋಸೆ ಹಿಟ್ಟು ಹುಳಿಯಾಗಿದೆ ಎಂದು ಬ್ರೆಡ್ಡು ಕೊಟ್ಟದ್ದು, ರಾತ್ರಿಗೆ ಹೊರಗಿನಿಂದ ತರಿಸುವುದು, ಒಂದೂ ಬಿಡದೆ ಹೇಳಿದರು. ದಿನಾ ಆಫೀಸಿನಿಂದ ಬರುವ ದಾರಿಯಲ್ಲಿ ಅವರು ತಾಯಿಯೊಡನೆ ಮಾತಾಡುತ್ತಾರೆಂದು ನನಗೆ ಗೊತ್ತಿತ್ತು. ಏನು ಮಾತಾಡುತ್ತಾರೆಂದು ಯೋಚಿಸಿರಲಿಲ್ಲ. ನಾನು ಕನ್ನಡಿಯಲ್ಲಿ ಹಿಂದೆ ನೋಡಿದೆ. ಅಕ್ಕ ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದರು. ಸುದ್ದಿ ಮುಟ್ಟಿಸುವವರೆಂದು ನಾನು ಯಾರನ್ನು ಅನುಮಾನಿಸಿದ್ದೆನೆಂದು ಅವರಿಗೆ ಮೊದಲೇ ಗೊತ್ತಿತ್ತೆಂದು ಕಾಣುತ್ತದೆ.

ಮನೆಗೆ ಬಂದ ಮೇಲೆ ಅಡುಗೆಮನೆಯಲ್ಲಿ, ತಪ್ಪಾಯಿತು ಅಕ್ಕ ಎಂದೆ. ಅವರು ಲೋಟ ತೊಳೆಯುತ್ತಲೇ, "ನಾನೂ ಪಾಸ್‌ಪೋರ್ಟ್ ಕಟ್ಟಿಕೊಂಡು ತಿರುಗಿದೆ ಅಲ್ವಾ. ಇಬ್ಬರದ್ದೂ ಸಮ ಆಯ್ತು, ಬಿಡು," ಎಂದರು. ಆ ರಾತ್ರಿ ಗಂಡ ಮತ್ತೆ ಕೇಳಿದರೂ ಪಾಸ್‌ಪೋರ್ಟು ಮಾತ್ರ ಕೊಡಲಿಲ್ಲ. ನಾನೂ ಬಳೆಗಳನ್ನು ಕಪಾಟಿಗೆ ಹಾಕಲಿಲ್ಲ, ಕೈಗೆ ತೊಟ್ಟುಕೊಂಡೆ.

ವೀಸಾ ಮುಗಿಯುವ ಮೊದಲೇ ಅಕ್ಕನಿಗೆ ಅಲ್ ಐನಿನ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ಇನ್ನೊಬ್ಬ ಟೀಚರ್ ಜೊತೆ ಒಂದೇ ರೂಮು. ಹೋದ ಮೊದಲ ವಾರವೇ ಫೋನ್ ಮಾಡಿ, ರೂಮಿನವಳು ನನ್ನ ತೆಂಗಿನೆಣ್ಣೆ ತೆಗೆದು ಹಚ್ಚಿಕೊಳ್ಳುತ್ತಾಳೆ, ಬಾಟಲಿಗೆ ಗುರುತು ಹಾಕಿ ಇಟ್ಟಿದ್ದೇನೆ ಎಂದು ದೂರಿದರು. ಕೇಳಿಬಿಡಿ ಅಕ್ಕ ಎಂದೆ.

"ಎಲ್ಲರಿಗೂ ಬರ್ತದಾ ಅದು? ನೀನಾದ್ರೆ ಮುಖಕ್ಕೇ ಕೇಳ್ತಿ," ಎಂದರು.

ಅದು ಹೊಗಳಿಕೆಯೋ ಚುಚ್ಚುಮಾತೋ ನನಗೆ ತಿಳಿಯಲಿಲ್ಲ. ಅವರು ನಕ್ಕದ್ದಂತೂ ಕೇಳಿಸಿತು.