ಮಡಚಿ ಕರಿದ ರೊಟ್ಟಿ

ಮೊದಲು ರೊಟ್ಟಿಯನ್ನು ಅರ್ಧವೇ ಬೇಯಿಸಬೇಕು. ಪೂರ್ತಿ ಬೆಂದರೆ ಮಡಚುವಾಗ ಮುರಿಯುತ್ತದೆ. ಜೋಳದ ಹಿಟ್ಟಿಗೆ ಒಂದು ಹಿಡಿ ಗೋಧಿ ಹಿಟ್ಟು ಕೂಡಿಸಿ, ಕುದಿಯುವ ನೀರು ಹಾಕಿ ನಾದಿ, ಅಂಗೈಗಿಂತ ತುಸು ದೊಡ್ಡದಾಗಿ ತಟ್ಟಿ, ಹಂಚಿನ ಮೇಲೆ ಹಾಕಿ, ಕಪ್ಪು ಚುಕ್ಕಿ ಏಳುವ ಮೊದಲೇ ತೆಗೆಯಬೇಕು. ಒಳಗೆ ಸಣ್ಣಗೆ ಕೊಚ್ಚಿ ಹುರಿದ ದನದ ಖಂಡ. ಖಂಡಕ್ಕೆ ಬೆಳ್ಳುಳ್ಳಿ, ಕೆಂಪು ಖಾರ, ಉಪ್ಪು, ಅಷ್ಟೇ. ಮಡಚಿ, ಒದ್ದೆ ಬೆರಳಿನಿಂದ ಅಂಚು ಒತ್ತಿ, ದನದ ಕೊಬ್ಬನ್ನೇ ಕರಗಿಸಿ ಅದರಲ್ಲಿ ಎರಡೂ ಮಗ್ಗುಲು ಗರಿಗರಿ ಆಗುವ ತನಕ ಕರಿಯಬೇಕು. ತಿನ್ನುವಾಗ ಬಾಯಿ ಬಿಡಿಸಿ ಹಸಿ ಉಳ್ಳಾಗಡ್ಡಿ ತುರುಕಬೇಕು.

ಇಷ್ಟು ಬರೆಯುವಷ್ಟರಲ್ಲೇ ಸಿಟ್ಟು ಬರುತ್ತದೆ. ಇದನ್ನು ಓದಿದವರು ನನ್ನ ಅವ್ವ ಒಲೆಯ ಮುಂದೆ ನಗುತ್ತ ಕೂತಿದ್ದಳು, ಬೆಂಕಿಯ ಬೆಳಕಿನಲ್ಲಿ ಅವಳ ಮುಖ ಹೊಳೆಯುತ್ತಿತ್ತು ಎಂದುಕೊಳ್ಳುತ್ತಾರೆ. ಹಾಗೇನೂ ಇರಲಿಲ್ಲ. ಅವ್ವ ಹೊಗೆಗೆ ಕೆಮ್ಮುತ್ತಿದ್ದಳು, ಹಸಿ ಕಟ್ಟಿಗೆ ತಂದದ್ದಕ್ಕೆ ನನ್ನನ್ನು ಬೈಯುತ್ತಿದ್ದಳು, ಕೊಬ್ಬು ಸಿಡಿದರೆ ಕೊಬ್ಬನ್ನೂ ಬೈಯುತ್ತಿದ್ದಳು. ನೆನಪಿಗೆ ಅಲಂಕಾರ ಮಾಡುವ ಚಟವಿದೆ. ನಾನು ಅದರ ಕೈ ಹಿಡಿದು ಬರೆಯುವುದಿಲ್ಲ.

ನಮ್ಮದು ಶಿಗ್ಗಾಂವಿಗೂ ಸವಣೂರಿಗೂ ನಡುವಿನ ಒಂದು ಊರು. ಅದರ ಹೆಸರು ಬರೆಯುವುದಿಲ್ಲ, ಆ ಮರ್ಯಾದೆ ಅದಕ್ಕೆ ಸಲ್ಲುವುದಿಲ್ಲ. ಊರಿನಿಂದ ಹೊರಗೆ ನಮ್ಮ ಕೇರಿ. ಊರಿನಲ್ಲಿ ಯಾರ ಎತ್ತು ಸತ್ತರೂ ಕೇರಿಯ ಗಂಡಸರು ಹೋಗಿ ಎಳೆದು ತರಬೇಕು, ಚರ್ಮ ಸುಲಿದು ಒಡೆಯನಿಗೆ ಒಪ್ಪಿಸಬೇಕು. ಕೂಲಿಯೆಂದರೆ ಆ ಸತ್ತ ದನದ ಖಂಡ. ಅದನ್ನು ಮನೆಮನೆಗೆ ಹಂಚಿ, ಉದ್ದುದ್ದ ಸೀಳಿ, ಹಗ್ಗದ ಮೇಲೆ ಒಣಗಿಸಿ, ಮಳೆಗಾಲಕ್ಕೆ ಇಟ್ಟುಕೊಳ್ಳುವುದು ಪದ್ಧತಿ.

ಅಪ್ಪ ತೀರಿಕೊಂಡ ವರ್ಷ ಅವ್ವ ನಮ್ಮ ಪಾಲಿನ ಖಂಡ ಬೇಡವೆಂದಳು. ಯಾಕೆಂದು ಯಾರಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ಹಗ್ಗವನ್ನು ಬಿಚ್ಚಿ ಮೇಕೆಗೆ ಕಟ್ಟಿದಳು. ಆಮೇಲೆ ಖಂಡ ತಿನ್ನಬೇಕು ಅನಿಸಿದಾಗ ಸವಣೂರಿನ ಸಂತೆಗೆ ನಡೆದು ಹೋಗಿ ಖಾಟಿಕರ ಅಂಗಡಿಯಿಂದ ಕೊಂಡು ತರುತ್ತಿದ್ದಳು. ಸವಣೂರು ನವಾಬರದು, ಅಲ್ಲಿ ಕೊಳ್ಳುವವರ ಜಾತಿ ಕೇಳುತ್ತಿರಲಿಲ್ಲ. ನಾನೂ ಒಮ್ಮೆ ಜೊತೆಗೆ ಹೋಗಿದ್ದೆ. ಅಂಗಡಿಯ ಮುದುಕ ಅವ್ವನನ್ನು ನೋಡಿ ಕತ್ತಿ ಕೆಳಗಿಟ್ಟು, "ಬರ್ರಿ ಅಕ್ಕಾರ, ನೆರಳಿಗೆ ಕುಂದರ್ರಿ. ತೊಡೀದು ಕೊಡ್ಲೋ, ಪಕ್ಕೀದು ಕೊಡ್ಲೋ?" ಎಂದು ಕೇಳಿದ. ಅವ್ವ ಬೆರಳಿನಿಂದ ಒತ್ತಿ ನೋಡಿ, "ಇದು ನಿನ್ನೀದು. ಇವತ್ತಿಂದು ತಗೀ, ಮಾವ" ಎಂದಳು. ಅವನು ನಕ್ಕು ಬೇರೆ ತುಂಡು ತೆಗೆದ. ಮುತ್ತಲದ ಎಲೆಯಲ್ಲಿ ಸುತ್ತಿ ಅವಳ ಕೈಯಲ್ಲಿಟ್ಟ. ಎಸೆಯಲಿಲ್ಲ, ಕೈಯಲ್ಲಿಟ್ಟ. ನಮ್ಮ ಊರಿನ ಅಂಗಡಿಯವನು ಉಪ್ಪಿನ ಪೊಟ್ಟಣವನ್ನೂ ನೆಲಕ್ಕೆ ಎಸೆಯುತ್ತಿದ್ದ.

ಅವತ್ತು ಇದನ್ನೆಲ್ಲ ನಾನು ಗಮನಿಸಿದ್ದೆನೆಂದು ಬರೆದರೆ ಸುಳ್ಳಾಗುತ್ತದೆ. ಅವತ್ತು ನನಗೆ ಕಂಡದ್ದು ನೊಣ ಮಾತ್ರ.

ಮುಂದೆ ನಾನು ಹಿರೇಕೆರೂರಿನಲ್ಲಿ ಪರರ ಅಂಗಳದಲ್ಲಿ ಮಲಗಿ ಓದಿ, ಮಾಸ್ತರನಾಗಿ ನಮ್ಮ ಕೇರಿಯ ಶಾಲೆಗೇ ಬಂದೆ. ತಲೆಯ ತುಂಬ ಸುಧಾರಣೆ ತುಂಬಿಕೊಂಡು ಬಂದಿದ್ದೆ. ಕೇರಿಗೆ ಬಾವಿ ಇರಲಿಲ್ಲ. ಹೆಂಗಸರು ಹಳ್ಳದಲ್ಲಿ ಮರಳು ತೋಡಿ, ಚಿಪ್ಪಿನಿಂದ ಮೊಗೆದು, ಕೊಡ ತುಂಬಿಸಿಕೊಂಡು ಬರಬೇಕಿತ್ತು. ಊರ ಬಾವಿ ಕೂಗಳತೆಯಲ್ಲಿತ್ತು. ಹಾನಗಲ್ಲಿನಿಂದ ಒಬ್ಬ ವಕೀಲರು ಬರತೊಡಗಿದರು. ಖಾದಿಯವರು, ಮೆಲುಮಾತಿನವರು. ಊರಿನ ಹಿರಿಯರನ್ನು ಕೂಡಿಸಿ ಮಾತಾಡಿ ಒಂದು ಒಪ್ಪಂದ ತಂದರು. ಕೇರಿಯವರು ದನದ ಖಂಡ ಬಿಟ್ಟರೆ ಊರವರು ಬಾವಿ ಬಿಡುತ್ತಾರೆ. ಒಂದು ಮನೆಯೂ ತಪ್ಪಬಾರದು. ಪ್ರತಿ ಮನೆಯ ಹೆಂಗಸು ಖಂಡ ಬೇಯಿಸುವ ಗಡಿಗೆಯನ್ನು ಬಯಲಿಗೆ ತಂದು ಒಡೆಯಬೇಕು, ದೇವರ ಭಂಡಾರದ ಅರಿಶಿನ ಮುಟ್ಟಿ ಆಣೆ ಮಾಡಬೇಕು.

ಮನೆಮನೆ ತಿರುಗಿ ಒಪ್ಪಿಸಿದವನು ನಾನು. ಎಲ್ಲರೂ ಒಪ್ಪಿದರು. ನೀರಿಗಾಗಿ ಯಾರು ಒಪ್ಪುವುದಿಲ್ಲ? ಪಕ್ಕದ ಮನೆಯ ಮುದುಕಿ ಮಾತ್ರ, "ನನಗ ಹಲ್ಲ ಇಲ್ಲೋ ಮಾಸ್ತರ, ಖಂಡ ಬಿಟ್ಟು ಹತ್ತ ವರ್ಷ ಆತು. ನನ್ನ ಪಾಲಿನ ನೀರು ಹಿಂದಿಂದ ಲೆಕ್ಕಾ ಮಾಡಿ ಕೊಡ್ತಾರೇನು ಕೇಳು" ಎಂದು ನಗಿಸಿದಳು.

ಒಪ್ಪದವಳು ನನ್ನ ಅವ್ವ.

"ಸತ್ತ ದನ ನಾ ಬಿಟ್ಟು ಎಷ್ಟ ದಿನಾ ಆತು, ನಿನಗ ಗೊತ್ತಿಲ್ಲೇನು?" ಎಂದಳು.

"ಗೊತ್ತೈತಿ. ಅವರು ಸತ್ತದ್ದು, ಕೊಂಡದ್ದು ಅಂತ ಭೇದ ಮಾಡಂಗಿಲ್ಲ ಅವ್ವ."

"ಮಾಡ್ರಿ ಅಂತ ಹೇಳು. ಮಾಸ್ತರ ಅದಿ, ಕಲಿಸು ಅವರಿಗೆ."

"ಒಂದು ಮನಿ ತಪ್ಪಿದ್ರ ಬಾವಿ ಇಲ್ಲ ಅಂದಾರ."

"ಹಂಗಾರ ನಾ ಬಿಟ್ಟದ್ದಕ್ಕ ಬೆಲಿ ಇಲ್ಲ. ಅವರು ಬಿಡಿಸಿದ್ರ ಬೆಲಿ."

ನಾನು ಆಗ ಏನು ಹೇಳಿದೆ? ಆಗ ಮೌನವಾಗಿದ್ದೆ ಎಂದೇ ನಾನು ಬಹಳ ವರ್ಷ ನಂಬಿದ್ದೆ. ಮೌನವಾಗಿರಲಿಲ್ಲ. "ನಿನ್ನ ನಾಲಿಗಿ ರುಚಿಗೆ ಇಡೀ ಕೇರಿ ಹಳ್ಳದ ನೀರು ಕುಡೀಬೇಕೇನು?" ಎಂದೆ. ಅವಳು ಎದ್ದು ಹೋಗಿ ಮೇಕೆಗೆ ಸೊಪ್ಪು ಹಾಕಿದಳು.

ಆಣೆಯ ದಿನ ಬೆಳಿಗ್ಗೆ ಅವಳು ಮಡಚಿದ ರೊಟ್ಟಿ ಮಾಡಿದಳು. ಹಿಂದಿನ ದಿನವೇ ಸವಣೂರಿಗೆ ಹೋಗಿ ಬಂದಿದ್ದಳು. ಎರಡನೆಯ ಮಹಾಯುದ್ಧದ ಕಾಲ, ಗೋಧಿ ಹಿಟ್ಟು ಸಿಕ್ಕುವುದೇ ಕಷ್ಟ. ಎಲ್ಲಿಂದಲೋ ಒಂದು ಹಿಡಿ ತಂದಿದ್ದಳು. ಖಂಡ ಹುರಿದ ವಾಸನೆ ಕೇರಿಯ ತುಂಬ ಹರಡಿತ್ತು. ಬಯಲಿನಲ್ಲಿ ಊರ ಹಿರಿಯರು ವಾಸನೆ ತಾಗದಂತೆ ಗಾಳಿಯ ದಿಕ್ಕು ನೋಡಿಕೊಂಡು ಕೂತರು. ವಕೀಲರು ಮೂಗಿಗೆ ಕರವಸ್ತ್ರ ಹಿಡಿಯಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಆದರೆ ಕರವಸ್ತ್ರವನ್ನು ಕಿಸೆಯಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದರು.

ಗಡಿಗೆಗಳು ಒಂದೊಂದಾಗಿ ಒಡೆದವು. ಮಣ್ಣಿನ ಗಡಿಗೆ ಒಡೆದರೆ ಅಂಥ ದೊಡ್ಡ ಸದ್ದೇನೂ ಆಗುವುದಿಲ್ಲ. ಅವ್ವನ ಸರದಿ ಬಂದಾಗ ಅವಳು ಗಡಿಗೆಯ ಬದಲು ತಾಟು ಹಿಡಿದು ಬಂದಳು. ತಾಟಿನಲ್ಲಿ ರೊಟ್ಟಿಗಳಿದ್ದವು, ಇನ್ನೂ ಬಿಸಿ ಇದ್ದವು. ವಕೀಲರ ಮುಂದೆ ನಿಂತು ಹೇಳಿದಳು:

"ಸಾಹೇಬ್ರ, ನಾ ಸತ್ತದ್ದು ತಿನ್ನಂಗಿಲ್ರಿ. ನಿಮ್ಮಕಿಂತ ಮೊದಲ ಬಿಟ್ಟೇನಿ. ಇದು ಕೊಂಡು ತಂದದ್ದು. ಕೊಂಡು ತಿನ್ನೋದರಾಗ ಏನು ತಪ್ಪೈತಿ, ನನಗ ಹೇಳ್ರಿ."

ಅವರು ಅವಳನ್ನು ಬಿಟ್ಟು ನನ್ನ ಕಡೆ ನೋಡಿದರು. ಊರ ಹಿರಿಯನೊಬ್ಬ, "ಮಾಸ್ತರ, ತಾಯಿನ್ನ ತಿದ್ದಲಾರದಂವ ಕೇರಿ ತಿದ್ದತಾನಂತ" ಎಂದ. ಉಳಿದವರು ನಕ್ಕರು.

ನಾನು ಅವ್ವನ ಹತ್ತಿರ ಹೋದೆ. "ಅವ್ವಾ, ನನ್ನ ಸಲುವಾಗಿ. ನಿನ್ನ ಕಾಲು ಹಿಡೀತೇನಿ" ಎಂದೆ. ನಿಜವಾಗಿ ಕಾಲು ಹಿಡಿಯಲಿಲ್ಲ, ಮಾತಿಗೆ ಹೇಳಿದೆ. ಅವಳು ತಾಟನ್ನು ಎಡಗೈಗೆ ಬದಲಿಸಿದಳು. ಆಮೇಲೆ ಬಗ್ಗಿ ಭಂಡಾರ ಮುಟ್ಟಿದಳು. "ನಾ ಖಂಡ ಮಾಡಂಗಿಲ್ಲ, ತಿನ್ನಂಗಿಲ್ಲ" ಎಂದಳು. ಅವಳ ಬೆರಳಿಗೆ ಹಳದಿ ಹತ್ತಿತ್ತು. ಅದನ್ನು ಸೀರೆಗೆ ಒರಸಿಕೊಳ್ಳಲಿಲ್ಲ.

ರೊಟ್ಟಿಗಳು ಏನಾದವು? ಇದನ್ನು ನಾನು ಹಲವರಿಗೆ ಹೇಳಿದ್ದೇನೆ. ಅವ್ವ ಸಿಟ್ಟಿನಿಂದ ತಾಟನ್ನು ತಿಪ್ಪೆಗೆ ಸುರಿದಳು ಎಂದು. ಹೇಳಿ ಹೇಳಿ ಅವಳ ಕೈ ಬೀಸಿದ್ದು ಕಣ್ಣಿಗೆ ಕಾಣುವಷ್ಟಾಗಿದೆ. ಅದು ಸುಳ್ಳು. ಅವಳ ಕೈಯಿಂದ ತಾಟು ಕಿತ್ತುಕೊಂಡು ತಿಪ್ಪೆಗೆ ಸುರಿದವನು ನಾನು. ಊರವರಿಗೆ ಕಾಣಲಿ ಎಂದು ಸುರಿದೆ. ನಾಯಿಗಳು ಬಂದವು. ವಕೀಲರು ಮೆಚ್ಚಿಗೆಯಿಂದ ತಲೆಯಾಡಿಸಿದರು.

ಬಾವಿ ಬಿಡಲಿಲ್ಲ.

ಮೊದಲು ಶ್ರಾವಣ ಮುಗಿಯಲಿ ಎಂದರು. ಆಮೇಲೆ ನೀರು ಸೇದುವ ಹಗ್ಗ, ಗಾಲಿ ಬೇರೆ ಮಾಡಬೇಕು ಎಂದರು. ಸುಗ್ಗಿ ಮುಗಿದ ಮೇಲೆ ನಾನು ಚಾವಡಿಯ ಮುಂದೆ ನಿಂತು ಕೇಳಿದಾಗ ಅದೇ ಹಿರಿಯ, "ಖಂಡ ಬಿಟ್ರಿ, ಖರೆ. ಸತ್ತ ದನ ಇನ್ನೂ ಎಳೀತೀರಲ್ಲ? ಆ ಕೈಲೆ ಬಾವಿ ಹಗ್ಗ ಮುಟ್ಟಿದ್ರ ಹೆಂಗ?" ಎಂದ.

"ಎಳೀರಿ ಅಂತ ಹೇಳಿ ಕಳಸೋರು ನೀವ ಅಲ್ರಿ?"

"ಮತ್ತ ಯಾರು ಎಳೀಬೇಕು? ನಾವು ಎಳಿಯೋಣೇನು?"

ಹಿಂದಿನ ದಿನವಷ್ಟೇ ಅವನ ಕೊಟ್ಟಿಗೆಯಿಂದಲೇ ಒಂದು ಎಮ್ಮೆಯನ್ನು ನಮ್ಮವರು ಎಳೆದು ತಂದಿದ್ದರು. ಈಗ ಖಂಡವೂ ಇಲ್ಲ, ಅಂದರೆ ಕೂಲಿಯೂ ಇಲ್ಲ. ಪುಕ್ಕಟೆ ಎಳೆದಿದ್ದರು. ಈ ಲೆಕ್ಕ ನನ್ನ ತಲೆಗೆ ಹೊಳೆದದ್ದು ಅಲ್ಲಿ, ಚಾವಡಿಯ ಮುಂದೆ ನಿಂತಾಗ. ಸುಧಾರಣೆ ಓದಿದ ತಲೆಗೆ. ಹಾನಗಲ್ಲಿಗೆ ಎರಡು ಕಾಗದ ಬರೆದೆ. ವಕೀಲರು ಉತ್ತರಿಸಿದರು, ತಾಳ್ಮೆ ಇರಲಿ, ಮನಸ್ಸು ಬದಲಾಗಲು ಕಾಲ ಬೇಕು ಎಂದು. ಅಕ್ಷರ ಬಹಳ ದುಂಡಗಿತ್ತು. ಕಾಗದವನ್ನು ಒಲೆಗೆ ಹಾಕಿದೆ.

ಮರು ಸಂತೆಗೆ ನಾನೇ ಸವಣೂರಿಗೆ ಹೋದೆ. ಖಾಟಿಕ ಮುದುಕ ಅವ್ವನ ಹೋಲಿಕೆಯಿಂದ ನನ್ನನ್ನು ಗುರುತಿಸಿ, "ಅಕ್ಕಾರ ಯಾಕ ಬರವಲ್ರು?" ಎಂದು ಕೇಳಿದ. "ಆರಾಮಿಲ್ಲ" ಎಂದೆ. ನಾನು ಹೇಳದೆಯೇ ಅವನು ಅವತ್ತಿನ ತುಂಡು ತೆಗೆದು, ಕೊಬ್ಬನ್ನು ಬೇರೆ ಎಲೆಯಲ್ಲಿ ಕಟ್ಟಿ ಕೊಟ್ಟ. "ಇದು ನನ್ನ ಕಡಿಂದ. ಕರ್ಯಾಕ ಬೇಕಾಕ್ಕೈತಿ ಅವರಿಗೆ" ಎಂದ.

ಮಧ್ಯಾಹ್ನ ಮನೆಗೆ ಬಂದು ಎರಡೂ ಎಲೆ ಅವ್ವನ ಮುಂದೆ ಇಟ್ಟೆ. ಅವಳು ಬಾಗಿಲ ಬಳಿ ಕೂತು ಜೋಳ ಕೇರುತ್ತಿದ್ದಳು.

"ಮಾಡು. ಅವರು ಮಾತಿಗೆ ತಪ್ಯಾರ. ನಿನ್ನ ಆಣೀನೂ ಮುಗೀತು."

ಅವಳು ಮೊರ ನಿಲ್ಲಿಸಲಿಲ್ಲ. "ನಾ ಮಾತು ಅವರಿಗೆ ಎಲ್ಲಿ ಕೊಟ್ಟೇನಿ?"

"ಮತ್ತ?"

"ನನ್ನ ಸಲುವಾಗಿ ಅಂದಿ. ಕಾಲು ಹಿಡೀತೇನಿ ಅಂದಿ. ನಿನಗ ಕೊಟ್ಟೇನಿ."

"ಹಂಗಾರ ನಾನ ಬಿಡಸ್ತೇನಿ. ತಪ್ಪು ನಂದು, ಮಾಡು."

"ನೀ ಆಣಿ ಮಾಡು ಅಂದ್ರ ಮಾಡಬೇಕು, ಬಿಡು ಅಂದ್ರ ಬಿಡಬೇಕು. ನನ್ನ ಬಾಯಿ ಏನು ನಿಮ್ಮ ಶಾಲಿ ಗಂಟೀನ?"

ನಾನು ಕೂಗಾಡಿದೆ. ಊರನ್ನು ಬೈದೆ, ವಕೀಲರನ್ನು ಬೈದೆ, ಕೊನೆಗೆ ಅವಳನ್ನೂ ಬೈದೆ. ಅವಳು ಜೋಳದಿಂದ ಕಲ್ಲು ಆರಿಸಿ ಹೊರಗೆ ಎಸೆಯುತ್ತಲೇ ಇದ್ದಳು. ಆಮೇಲೆ ನಾನೇ ಒಲೆ ಹಚ್ಚಿದೆ. ಸಿಟ್ಟಿನಲ್ಲಿ ಹಿಟ್ಟು ನಾದಿದೆ. ಖಂಡ ಕೊಚ್ಚುವಾಗ ಬೆರಳು ಕೊಯ್ದುಕೊಂಡೆ. ಮೊದಲ ರೊಟ್ಟಿ ಮಡಚುವಾಗ ಎರಡು ತುಂಡಾಯಿತು.

"ಬಹಳ ಬೇಯಿಸಿದಿ" ಎಂದಳು ಬಾಗಿಲಿನಿಂದ. ತಿರುಗಿ ನೋಡಿರಲಿಲ್ಲ.

ಎರಡನೆಯದು ನಿಂತಿತು. ಕರಗಿದ ಕೊಬ್ಬಿನಲ್ಲಿ ಬಿಟ್ಟೆ. ಜೋರಾಗಿ ಸಿಡಿಯಿತು.

"ಉರಿ ಹಿಂದಕ್ಕೆಳಿ. ಮ್ಯಾಲ ಹೊತ್ತತೈತಿ, ಒಳಗ ಮೆತ್ತಗ ಉಳೀತೈತಿ."

ಕಟ್ಟಿಗೆ ಹಿಂದಕ್ಕೆಳೆದೆ. ಸದ್ದು ಇಳಿಯಿತು. ಕುದಿಯುವ ಸದ್ದು ಹೋಗಿ ಸಣ್ಣಗೆ ಚಿಟಿಚಿಟಿ ಎನ್ನತೊಡಗಿತು. ಅವಳು ಮೊರ ಹಿಡಿದೇ ಕೇಳಿಸಿಕೊಳ್ಳುತ್ತಿದ್ದಳು.

"ಈಗ ತಗೀ."

ತೆಗೆದೆ. ಹೊರಗೆ ಗರಿಗರಿಯಾಗಿತ್ತು, ಒಳಗೆ ಖಂಡದ ರಸ ಹಾಗೇ ಇತ್ತು. ಅವಳ ಕೈ ತಾಗದೆ, ಅವಳ ನಾಲಿಗೆ ತಾಗದೆ, ಅವಳು ಮಾಡಿದಂತೆಯೇ ಆಗಿತ್ತು. "ಒಂದ ತುತ್ತು" ಎಂದೆ. ದನಿ ಈಗ ಜೋರಿರಲಿಲ್ಲ. ಅವಳು ಮೊರ ಗೋಡೆಗೆ ಆನಿಸಿದಳು.

"ಮನ್ಯಾಗಿನ ನೀರೆಲ್ಲ ಹಿಟ್ಟಿಗೆ ಆತು. ಅಷ್ಟು ಖಾರ ತಿಂದು ಏನು ಕುಡೀತಿ?"

ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು, ಚಿಪ್ಪು ಹಿಡಿದು ಹಳ್ಳದ ಕಡೆ ನಡೆದಳು. ಬಿಸಿಲು ಇನ್ನೂ ನೆತ್ತಿಯ ಮೇಲೇ ಇತ್ತು. ಊರ ಬಾವಿಯ ಪಕ್ಕದಿಂದಲೇ ಅವಳು ಹಾದು ಹೋಗಬೇಕು. ನಾನು ಎದ್ದು ಕೊಡ ಇಸಿದುಕೊಳ್ಳಬಹುದಿತ್ತು. ಏಳಲಿಲ್ಲ. ಹಸಿದಿದ್ದೆ, ಬಾಯಿಯಲ್ಲಿ ತುತ್ತಿತ್ತು. ರುಚಿಯಾಗಿತ್ತು, ಅದಕ್ಕೂ ಸಿಟ್ಟು ಬಂತು. ಅವಳು ತಿರುಗಿ ಬರುವ ಹೊತ್ತಿಗೆ ಎಲ್ಲವನ್ನೂ ತಿಂದು ಮುಗಿಸಿದ್ದೆ.