ಕಂಬಳಿ ಕಿತ್ತೆಸೆದ ನೆರೆಮನೆ ಅಕ್ಕ

ನಿನ್ನೆ ಮೊಮ್ಮಗಳು ಗೋಣಿಚೀಲ ತೋಯಿಸಿ ಕಿಟಕಿಗೆ ಕಟ್ಟಿದಳು, ತನ್ನ ಕೂಸಿಗೆ ಝಳ ತಾಗಬಾರದೆಂದು. ಕೂಸು ಹುಟ್ಟಿ ಹನ್ನೆರಡು ದಿನ. ನನಗಂತೂ ಕುಂತಲ್ಲಿ ಕೂಡಲಾಗುತ್ತಿಲ್ಲ, ಅಷ್ಟು ಹಿಗ್ಗು! ಒದ್ದೆ ಗೋಣಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನೆರೆಮನೆಯ ಅಕ್ಕ ನೆನಪಾದಳು... ಜೊತೆಗೆ ಹಳೆಯ ಹೊಟ್ಟೆಕಿಚ್ಚೂ.

ನಿಜಾಮನ ಆಳಿಕೆ ಮುಗಿದು ಮೂರ್ನಾಲ್ಕು ವರ್ಷವಾಗಿತ್ತು. ಮದುವೆಯಾಗಿ ಮಸ್ಕಿಗೆ ಹೊಸದಾಗಿ ಬಂದಿದ್ದೆ. ಅಕ್ಕ ಸಿಂಧನೂರು ಕಡೆ ಕಾಲುವೆ ಅಗೆಯುವ ಕೆಲಸಕ್ಕೆ ಹೋಗಿಬಂದವಳು, ಬಿಸಿಲು ಬಡಿದು ಬಿದ್ದವರನ್ನು ಕಣ್ಣಾರೆ ಕಂಡವಳು. "ನೀರಡಿಕಿ ಆಗೋ ಮುಂಚೇನ ಕುಡೀರಿ, ಮಜ್ಜಿಗಿಗೆ ಉಪ್ಪು ಹಾಕ್ರಿ, ನಡು ಬಿಸಲಾಗ ನೆಳ್ಳ ಹಿಡೀರಿ" ಎಂದು ಓಣಿಗೆಲ್ಲ ಹೇಳುವಳು. ಅದನ್ನೇ ನಾನು ಹೇಳಿದರೆ ನನ್ನ ಗಂಡ ನಗುವರು. ಅವಳು ಹೇಳಿದರೆ ಮಾತ್ರ "ಹೂಂ ಯಕ್ಕಾ" ಎಂದು ತಂಬಿಗೆ ಎತ್ತುವರು!

ಒಂದು ಮಧ್ಯಾಹ್ನ ಅವರನ್ನು ಹೊಲದಿಂದ ಬಂಡಿಯಲ್ಲಿ ಹಾಕಿಕೊಂಡು ಬಂದರು. ಜಾಲಿ ಕಡಿಯುವಾಗ ಒಯ್ದ ನೀರು ತೀರಿತ್ತಂತೆ. ಮೈ ಕಾದ ಹಂಚು, ಕೈಕಾಲು ನಡುಕ, ಮಾತು ಅಡ್ಡಾದಿಡ್ಡಿ. "ಬಾಜು ಮನಿಯಾಕೀನ ಕರಿ" ಎಂದರು ಅತ್ತೆ. ನಾನು ಕರೆಯಲಿಲ್ಲ. ಇದೊಂದು ಸಲವಾದರೂ ಅವಳಿಲ್ಲದೆ ಆಗಲಿ ಎಂಬ ಹಟ. "ಚಳಿಜ್ವರ ಐತ್ರೀ ಅತ್ತಿ, ನಾ ನೋಡ್ಕೊಂತೀನಿ" ಎಂದು ಕಂಬಳಿ ಮೇಲೆ ಕಂಬಳಿ ಹೊದಿಸಿದೆ.

ಬಂಡಿ ಕಂಡು ಅಕ್ಕ ತಾನೇ ಓಡಿಬಂದಳು. ಕುತ್ತಿಗೆ ಮುಟ್ಟಿ ನೋಡಿದಳು.

"ಒಂದ್ ಹನಿ ಬೆವರಿಲ್ಲ! ಗಂಡನ್ನ ಬೇಯಸಾಕತ್ತೀಯೇನ ಬೇ?"

ಕಂಬಳಿ ಕಿತ್ತೆಸೆದಳು. ಅಂಗಿ ಬಿಚ್ಚಿ, ಒದ್ದೆ ಗೋಣಿಯ ಮೇಲೆ ಮಲಗಿಸಿ, ಕೊಡ ಕೊಡ ನೀರು ಸುರಿದು ಮೊರದಿಂದ ಬೀಸಿದಳು. ನಾನು ಬಾಯಿಗೆ ನೀರು ಹಾಕಹೋದರೆ ಕೈ ತಳ್ಳಿದಳು. "ಎಚ್ಚರ ಇಲ್ದಾಂವಗ ಕುಡಸಬ್ಯಾಡ, ನೆತ್ತಿಗೇರತೈತಿ." ಮತ್ತೆ ಬಂಡಿ ಹೂಡಿಸಿ ಲಿಂಗಸುಗೂರಿನ ದವಾಖಾನೆಗೆ ಹೊರಡಿಸಿದಳು. ದಾರಿಯುದ್ದಕ್ಕೂ ನೀರು ಚಿಮುಕಿಸುತ್ತಲೇ ಕೂತಳು. ಅರ್ಧ ದಾರಿಗೆ ಅವರು ಕಣ್ಣು ಬಿಟ್ಟರು. ಮೊದಲ ಮಾತು "ಯಕ್ಕಾ..." ಎದುರಿಗೆ ನಾನೂ ಕುಂತಿದ್ದೆನಲ್ಲ!

ಅಕ್ಕ ತೀರಿ ಎಷ್ಟೋ ವರ್ಷವಾಯಿತು, ಈಗ ಅವರೂ ಇಲ್ಲ. ಬೇಕಂತಲೇ ಕರೆಯಲಿಲ್ಲವೆಂದು ಅವಳ ಮುಂದೆ ಒಪ್ಪಿಕೊಳ್ಳಲು ಬಾಯಿ ಬರಲೇ ಇಲ್ಲ... ಆ ದಿನ ನನಗಿನ್ನೂ ಮಕ್ಕಳಿರಲಿಲ್ಲ. ಆಮೇಲೆ ಐದು ಹೆತ್ತೆ. ಆ ಐವರ ಮಕ್ಕಳು, ಈಗ ಮರಿಮಗ, ಎಲ್ಲರೂ ಅವಳು ಓಡಿಬಂದದ್ದರಿಂದ ಬಂದವರು. ಮನೆ ತುಂಬಿದೆ, ಎದೆಯೂ ತುಂಬಿದೆ. ಆದರೂ ಗಂಡನ ಜೀವ ಉಳಿಸಿದ ಕೈ ನನ್ನದಾಗಲಿಲ್ಲವಲ್ಲ ಎಂದು ಇವತ್ತಿಗೂ ಹೊಟ್ಟೆ ಉರಿಯುತ್ತದೆ.