ದೊರೆಸಾನಿಯ ಪಿಯಾನೊಗೆ ಅಂಟು ಹಚ್ಚಿದವರು

ಬಳ್ಳಾರಿ ದಂಡಿನ ಕಚೇರಿಯಲ್ಲಿ ನಾನು ಗುಮಾಸ್ತನಾಗಿದ್ದಾಗ, ಒಬ್ಬ ಅಧಿಕಾರಿಯ ಹೆಂಡತಿಯ ಪಿಯಾನೊದ ಬೆರಳಿಟ್ಟು ಒತ್ತುವ ಏಳು ಬಿಳಿ ಮನೆಗಳ ಮೇಲಿನ ದಂತದ ತಗಡು ಬೇಸಿಗೆಗೆ ಎದ್ದುಬಂತು. ಭಾನುವಾರ ಆ ದೊರೆಸಾನಿಯ ಬಂಗಲೆಗೆ ಅತಿಥಿಗಳು ಬರುವವರಿದ್ದರು.

ನಾನು ಕುರುಗೋಡಿನ ಬಡಿಗರೊಬ್ಬರನ್ನು ಕರೆತಂದೆ. ಅವರಿಗೆ ಬೇಕಿದ್ದುದು ದೊರೆಸಾನಿಯ ಕೈಬರಹದ ಶಿಫಾರಸು ಚೀಟಿ. ಅದಿಲ್ಲದೆ ದಂಡಿನ ಬಂಗಲೆಗಳಲ್ಲಿ ಯಾರೂ ಕೆಲಸ ಕೊಡುತ್ತಿರಲಿಲ್ಲ.

ಅವರು ತಮ್ಮ ವಿಭೂತಿಯ ಗಟ್ಟಿಯನ್ನೇ ಪುಡಿಮಾಡಿ, ಹಳದಿಗಟ್ಟಿದ್ದ ದಂತವನ್ನು ತಿಕ್ಕಿ ಬಿಸಿಲಿಗಿಟ್ಟರು. ಮಧ್ಯಾಹ್ನಕ್ಕೆ ಬೆಳ್ಳಗಾಯಿತು. ತೊಡಕು ಬಂದದ್ದು ಅಂಟಿನಲ್ಲಿ. ದೊರೆಸಾನಿ ಮದರಾಸಿನಿಂದ ತರಿಸಿದ್ದ ಸರೇಸು ಕೊಟ್ಟರು.

"ಏನ್ರಿ ಇದು?" ಬಡಿಗರು ನನ್ನನ್ನು ಕೇಳಿದರು.

"ದನದ ತೊಗಲು ಕುದಿಸಿ ತೆಗೀತಾರ."

ಬಡಿಗರು ಕೈ ಹಿಂದಕ್ಕೆಳೆದುಕೊಂಡರು. "ಶಿವಪೂಜಿ ಮಾಡೋ ಕೈರಿ ಇದು. ಮುಟ್ಟಂಗಿಲ್ಲ."

ಹುಣಸೆ ಬೀಜ ಅರೆದು ಕುದಿಸಿ ಅದರ ಅಂಟು ಹಚ್ಚಿದರು. ಶನಿವಾರ ದೊರೆಸಾನಿ ನುಡಿಸಿ ನೋಡಿದರು. ಬೆವರಿದ ಬೆರಳಿಗೆ ಮೂರು ತಗಡು ಅಂಟಿಕೊಂಡೇ ಮೇಲೆದ್ದವು.

"ಗುಮಾಸ್ತ್ರ, ಸರೇಸು ನೀವರ ಹಚ್ರಿ," ಎಂದರು ಬಡಿಗರು.

"ನಾವು ವೈಷ್ಣವರು. ಗೊತ್ತಾದ್ರ ಮನ್ಯಾಗ ಒಳಗ ಬಿಡಂಗಿಲ್ಲ."

"ಹಂಗಾದ್ರ ಇಲ್ಲಿ ಮಡಿ ಇಲ್ಲದೋರು ಯಾರದಾರ್ರಿ?"

ಇಬ್ಬರೂ ದೊರೆಸಾನಿಯ ಕಡೆ ನೋಡಿದೆವು. ಇಂಥ ನಾಜೂಕು ಕೆಲಸಕ್ಕೆ ಹೆಂಗಸರ ಕೈಯೇ ಆಗಬೇಕಂತೆ ಎಂದು ನಾನು ಇಂಗ್ಲಿಷಿನಲ್ಲಿ ತಿಳಿಸಿದೆ. ಅವರು ಖುಷಿಯಿಂದ ಅಂಗಿಯ ತೋಳು ಮಡಚಿದರು. ಬಡಿಗರು ಎರಡು ಮಾರು ದೂರ ನಿಂತು ಅಳತೆಕೋಲು ಚಾಚಿದರು.

"ತೆಳ್ಳಗ ಹಚ್ರಿ ತಾಯಿ! ರೊಟ್ಟಿಗೆ ಬೆಣ್ಣಿ ಮೆತ್ತಾಕ ಕುಂತೀರೇನು?"

'ಬಹಳ ಚೆನ್ನಾಗಿದೆ, ಇನ್ನಷ್ಟು ತೆಳ್ಳಗಿರಲಿ' ಎಂದು ನಾನು ಅನುವಾದಿಸಿದೆ.

ಭಾನುವಾರ ಒಂದು ತಗಡೂ ಕದಲಲಿಲ್ಲ. ಆದರೆ ದೊರೆಸಾನಿ ಅತಿಥಿಗಳೆದುರು, ಇದನ್ನೆಲ್ಲ ಅಂಟಿಸಿದ್ದು ತಾನೇ ಎಂದುಬಿಟ್ಟರು. ಜಗುಲಿಯಲ್ಲಿ ಕಾದಿದ್ದ ಬಡಿಗರಿಗೆ ಅದನ್ನು ಹೇಳಿದಾಗ ಅವರ ಮುಖ ಇಳಿಯಿತು.

"ಮುಗೀತು. ಚೀಟಿ ಹೋತು."

ಮರುದಿನ ಚೀಟಿ ಬಂತು. ಓದಿ ಹೇಳಿದೆ: ಈತ ಅಂಟು ಮುಟ್ಟಲಿಲ್ಲ, ಎದುರು ನಿಂತು ನನಗೆ ಕೆಲಸ ಕಲಿಸಿದ.

"ಕೆಲಸ ಮಾಡ್ಲಿಲ್ಲಂತ ಬರದಾರೇನ್ರಿ?"

"ಕಲಿಸಿದ್ರಿ ಅಂತ ಬರದಾರ."

ಆ ತಿಂಗಳು ಇನ್ನೂ ಮೂರು ಬಂಗಲೆಗಳಿಂದ ಕರೆ ಬಂತು. ಎಲ್ಲ ಕಡೆಯೂ ದೊರೆಸಾನಿಯರೇ ಅಂಟು ಹಚ್ಚುವವರು, ಬಡಿಗರು ಕೋಲು ಹಿಡಿದು ನಿಲ್ಲುವವರು. ಒಂದು ಸಂಜೆ ಅವರು ನನ್ನ ಕಚೇರಿಯ ಬಾಗಿಲಿಗೆ ಬಂದರು.

"ಮೂರನೇ ಬಂಗಲಿ ತಾಯಿಗೆ ಕೈ ಇನ್ನೂ ಪಳಗವಲ್ದರಿ. ನಾಳಿ ಮತ್ತ ಬರ್ತೀನಿ, ಅಲ್ಲೀತನ ಹಚ್ಚಿದ್ದೆಲ್ಲ ಕಿತ್ತಿಟ್ಟಿರಬೇಕು ಅಂತ ಇಂಗ್ಲಿಷ್‌ನ್ಯಾಗ ಒಂದು ಚೀಟಿ ಬರ್ದು ಕೊಡ್ರಿ."